ಅಂಬಾಸಿಡರ್ ಗಟ್ಟಿಯಂತೆ, ಪದ್ಮಿನಿ ನಾಜೂಕಂತೆ!

ಹಳೇ ಕಾರಿನ ಮಾತು ಎಲ್ಲೇ ಬರಲಿ, ಹಿಂದೆನೇ ಒಂದು ತೀರ್ಪೂ ಬಂದೇ ಬರುತ್ತೆ. "ಅಂಬಾಸಿಡರ್ ಅಂದ್ರೆ ಗಟ್ಟಿ, ಪದ್ಮಿನಿ ಅಂದ್ರೆ ನಾಜೂಕು." ನಮ್ಮ ಹೊಸಪೇಟೆ ಕಡೆ ಇದು ಗಾದೆಮಾತೇ ಆಗಿಹೋಗಿದೆ. ಚಿತ್ತವಾಡ್ಗಿಯ ಯಾವ ಚಹಾ ಅಂಗಡಿಯಲ್ಲಿ ಬೇಕಾದರೂ ಕೇಳಿ ನೋಡಿ. "ಅಂಬಾಸಿಡರ್ ಐತಲ್ಲ, ಅದು ಆನಿ ಇದ್ದಂಗ. ಫಿಯೆಟ್ಟು ಪೇಟಿ ಮಂದಿ ಗಾಡಿ, ನಮ್ಮ ರೋಡಿಗೆ ತಡಿಯಂಗಿಲ್ಲ" ಅಂತಾರೆ. ಹೇಳೋರಲ್ಲಿ ಅರ್ಧಕ್ಕರ್ಧ ಜನ ಎರಡರ ಸ್ಟೀರಿಂಗನ್ನೂ ಹಿಡಿದವರಲ್ಲ ಅನ್ನೋದು ಬೇರೆ ಮಾತು :)

ಈ ಗಾದೆ ತಪ್ಪು ಅಂತ ಹೇಳೋಕೇ ಇವತ್ತು ಕೀಬೋರ್ಡ್ ಕುಟ್ಟೋಕೆ ಕೂತಿದ್ದೀನಿ. ಸುಮ್ಮನೆ ತಪ್ಪಾಗಿದ್ದರೆ ಬಿಟ್ಟುಬಿಡಬಹುದಿತ್ತು. ಈ ಮಾತನ್ನ ನಂಬಿಕೊಂಡು ಜನ ಓಡೋ ಪದ್ಮಿನಿಗಳನ್ನ ಗುಜರಿಗೆ ಹಾಕ್ತಿದ್ದಾರೆ, ಅಂಬಾಸಿಡರ್‌ಗಳನ್ನ ಸರಿಯಾಗಿ ನೋಡಿಕೊಳ್ಳದೆ ಹಾಳು ಮಾಡ್ತಿದ್ದಾರೆ. ಹಾಗಾಗಿ ಸುಮ್ಮನಿರೋಕೆ ಆಗ್ತಿಲ್ಲ.

ಮಾತಾಡೋಕೆ ನನಗೇನು ಹಕ್ಕು ಅಂತ ಕೇಳೋರಿಗೆ ಮೊದಲೇ ಹೇಳಿಬಿಡ್ತೀನಿ. ನನ್ನ ಸೋದರಮಾವನದು ಚಿತ್ತವಾಡ್ಗಿಯಲ್ಲಿ ಸಣ್ಣ ಗ್ಯಾರೇಜು. ಅವರ ಹತ್ರ ಎರಡೂ ಇವೆ: 1973ರ ಅಂಬಾಸಿಡರ್ ಮಾರ್ಕ್ 2, 1975ರ ಪ್ರೀಮಿಯರ್ ಪದ್ಮಿನಿ. ಎರಡೂ ಪೆಟ್ರೋಲು, ಎರಡಕ್ಕೂ ಹುಟ್ಟಿದಾಗಿನ ಎಂಜಿನ್ನೇ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ಕೊಂಡಿರೋನು. ಊರಿಗೆ ಹೋದಾಗಲೆಲ್ಲ ಎರಡನ್ನೂ ಓಡಿಸ್ತೀನಿ, ಎರಡರ ಕೆಳಗೂ ಮಲಗಿ ಗ್ರೀಸ್ ಹೊಡೀತೀನಿ. ಹಂಪಿಗೆ, ಕಂಪ್ಲಿಗೆ, ಸಂಡೂರಿಗೆ ಎರಡರಲ್ಲೂ ಹೋಗಿ ಬಂದಿದ್ದೀನಿ.

ಯಾವ ಅಂಬಾಸಿಡರ್ ಸ್ವಾಮೀ?

ವಾದ ಶುರುವಾಗೋ ಮೊದಲೇ ಇಲ್ಲೊಂದು ಮೋಸ ನಡೆಯುತ್ತೆ. "ಅಂಬಾಸಿಡರ್" ಅಂದಾಗ ಜನರ ತಲೆಯಲ್ಲಿ ಇರೋದು ಒಂದು ಕಾರಲ್ಲ, ಕನಿಷ್ಠ ಮೂರು.

ಮೊದಲನೆಯದು 1489 ಸಿಸಿ ಪೆಟ್ರೋಲ್ ಎಂಜಿನ್ನಿಂದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನ ತಂದು ಕೋಲ್ಕತ್ತ ಹತ್ತಿರದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್‌ನವರು ಮಾಡ್ತಿದ್ದ ಗಾಡಿ. ಎರಡನೆಯದು 1980ರ ಹೊತ್ತಿಗೆ ಬಂದ 1489 ಸಿಸಿ ಡೀಸೆಲ್, ಬರೀ 37 ಕುದುರೆಶಕ್ತಿ. ಮೂರನೆಯದು 1990ರ ದಶಕದಲ್ಲಿ ಬಂದ 1817 ಸಿಸಿ ಇಸುಜು ಎಂಜಿನ್, ಐದು ಗೇರು, ಸುಮಾರು 75 ಕುದುರೆಶಕ್ತಿ. ಮೇಲಿನ ಡಬ್ಬಿ ಮೂರಕ್ಕೂ ಹೆಚ್ಚುಕಮ್ಮಿ ಒಂದೇ, ಒಳಗಿನ ಗಾಡಿ ಬೇರೆ ಬೇರೆ.

ಈಗ ವಾದ ಮಾಡೋರು ಏನ್ಮಾಡ್ತಾರೆ ಗೊತ್ತಾ? ಓಟದ ಮಾತು ಬಂದರೆ ಇಸುಜು ಅಂಬಾಸಿಡರ್ ತೋರಿಸ್ತಾರೆ. ಖರ್ಚಿನ ಮಾತು ಬಂದರೆ ಡೀಸೆಲ್ ಅಂಬಾಸಿಡರ್ ತೋರಿಸ್ತಾರೆ. ಅಂದಚೆಂದ, ಪರಂಪರೆ ಅಂದರೆ ಮಾರ್ಕ್ 2ರ ಫೋಟೋ ತೋರಿಸ್ತಾರೆ. ಎದುರಿಗೆ ಮಾತ್ರ ಪಾಪ, ಅದೇ ಒಂದು 1089 ಸಿಸಿ ಪದ್ಮಿನಿ. ಮೂರು ಜನ ಸೇರಿ ಒಬ್ಬನ ಜೊತೆ ಕುಸ್ತಿ ಹಿಡಿದು ಗೆದ್ದೆವು ಅಂದ ಹಾಗಾಯ್ತು.

ಇನ್ನು "ವಿಂಟೇಜ್" ಅನ್ನೋ ಪದ. ಕಾರು ಸಂಗ್ರಹಿಸೋ ಕ್ಲಬ್ಬುಗಳ ಲೆಕ್ಕದಲ್ಲಿ ವಿಂಟೇಜ್ ಅಂದರೆ ಸುಮಾರು 1930ಕ್ಕಿಂತ ಮುಂಚಿನವು, ಇವೆರಡೂ ಆ ಗುಂಪಿಗೆ ಸೇರೋದಿಲ್ಲ. ಆದರೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ಗಾಡಿ ವಿಂಟೇಜ್. ಚಾಸಿ, ಬಾಡಿ, ಎಂಜಿನ್ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಆ ಲೆಕ್ಕದಲ್ಲಿ ಮಾವನ ಎರಡು ಗಾಡಿಗಳೂ ಈಗ ವಿಂಟೇಜೇ. ಹಾಗಾಗಿ ಹೋಲಿಕೆ ಮಾಡೋದಾದರೆ ಸರೀಕರ ನಡುವೆ ಮಾಡೋಣ: 1970ರ ದಶಕದ 1489 ಸಿಸಿ ಪೆಟ್ರೋಲ್ ಅಂಬಾಸಿಡರ್, ಅದೇ ದಶಕದ 1089 ಸಿಸಿ ಪದ್ಮಿನಿ.

ಮೊದಲು ಓಟ

ಅಂಬಾಸಿಡರ್ ಎಂಜಿನ್ 400 ಸಿಸಿ ದೊಡ್ಡದು. ಕುದುರೆಶಕ್ತಿ ಅಲ್ಲಿ ಸುಮಾರು 50, ಇಲ್ಲಿ ಸುಮಾರು 40. ಇಷ್ಟಕ್ಕೇ ಜನ ತೀರ್ಪು ಕೊಟ್ಟುಬಿಡ್ತಾರೆ. ಆದರೆ ಎಳೆಯಬೇಕಾದ ತೂಕ? ಅಂಬಾಸಿಡರ್ ಸುಮಾರು 1,100 ಕೆಜಿ, ಪದ್ಮಿನಿ ಸುಮಾರು 900 ಕೆಜಿ. ಭಾಗಿಸಿ ನೋಡಿ. ಟನ್ನಿಗೆ ಅಲ್ಲಿ 45 ಕುದುರೆ, ಇಲ್ಲಿ 44. ಅಂದರೆ ಸಮ ಸಮ! ಡೀಸೆಲ್ ಅಂಬಾಸಿಡರ್ ತಗೊಂಡರೆ ಟನ್ನಿಗೆ 34 ಕೂಡ ಮುಟ್ಟೋದು ಕಷ್ಟ. "ಆನೆ ಬಲ" ಅಂದಿದ್ದು ಎಲ್ಲಿ ಹೋಯ್ತು?

ಕಾಗದದ ಮೇಲೆ ಸಮ, ರಸ್ತೆ ಮೇಲೆ ಹೇಗೆ? ಸಮತಟ್ಟಾದ ರಸ್ತೆಯಲ್ಲಿ, ಉದಾಹರಣೆಗೆ ಹೊಸಪೇಟೆಯಿಂದ ಕಂಪ್ಲಿಗೆ ಹೋಗುವಾಗ, ಅಂಬಾಸಿಡರ್ ಒಳ್ಳೇ ಗಾಡಿ. ಕಡಿಮೆ ಆರ್‌ಪಿಎಂನಲ್ಲೇ ಎಳೀತದೆ, ಮೇಲಿನ ಗೇರಿಗೆ ಹಾಕಿ ಬಿಟ್ಟರೆ ತನ್ನ ಪಾಡಿಗೆ ತಾನು ಹೋಗ್ತಾ ಇರುತ್ತೆ. ಪದ್ಮಿನಿ ಎಂಜಿನ್ ಹಾಗಲ್ಲ, ಅದಕ್ಕೆ ತಿರುಗಬೇಕು. ನಿಧಾನಕ್ಕೆ ಓಡಿಸಿ ಮೇಲಿನ ಗೇರಲ್ಲಿ ಎಳೆಸಿದರೆ ಗೊಣಗುತ್ತೆ. ಗೇರು ಇಳಿಸಿ ಸ್ವಲ್ಪ ತಿರುಗೋಕೆ ಬಿಟ್ಟರೆ ಖುಷಿಯಾಗಿ ಓಡುತ್ತೆ. ಅಂಬಾಸಿಡರ್ ಓಡಿಸಿ ರೂಢಿಯಾದವರು ಪದ್ಮಿನಿಯನ್ನ ಅದೇ ಥರ ಓಡಿಸಿ "ಏ, ಇದಕ್ಕ ಜೀವಾನೇ ಇಲ್ಲ" ಅಂತಾರೆ. ಜೀವ ಇದೆ ಕಣ್ರೀ, ನೀವು ಗೇರು ಹಾಕ್ತಿಲ್ಲ ಅಷ್ಟೇ.

ಸಂಡೂರಿನ ಘಾಟಿಗೆ ಬನ್ನಿ. ಏರುವಾಗ ಇಬ್ಬರದೂ ಎರಡನೇ ಗೇರು, ಮೂರನೇ ಗೇರಿನ ಕಥೆ. ಎರಡಕ್ಕೂ ಮೊದಲ ಗೇರಿಗೆ ಸಿಂಕ್ರೋಮೆಶ್ ಇಲ್ಲ, ಹಾಗಾಗಿ ಓಡ್ತಿರುವಾಗ ಮೊದಲನೇ ಗೇರಿಗೆ ಇಳಿಸೋದು ಒಂದು ಕಸರತ್ತು. ಎರಡಕ್ಕೂ ಸ್ಟೀರಿಂಗ್ ಪಕ್ಕದ ಗೇರ್ ಕೋಲು. ಇಳಿಯುವಾಗ ವ್ಯತ್ಯಾಸ ಗೊತ್ತಾಗೋದು. ಎರಡಕ್ಕೂ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ಡ್ರಮ್ಮು ಕಾದರೆ ಬ್ರೇಕು ಹಿಡಿಯೋದು ಕಮ್ಮಿಯಾಗುತ್ತೆ. 200 ಕೆಜಿ ಜಾಸ್ತಿ ತೂಕ ಇರೋ ಗಾಡಿಯ ಡ್ರಮ್ಮು ಬೇಗ ಕಾಯುತ್ತೆ ಅನ್ನೋದಕ್ಕೆ ಎಂಜಿನಿಯರಿಂಗ್ ಡಿಗ್ರಿ ಬೇಕಿಲ್ಲ. ಅದರ ಮೇಲೆ ಅಂಬಾಸಿಡರ್‌ನಲ್ಲಿ ಏಳು ಜನ ತುಂಬೋ ಅಭ್ಯಾಸ ಬೇರೆ.

ಒಂದು ವಿಷಯದಲ್ಲಿ ಅಂಬಾಸಿಡರ್‌ಗೆ ಪೂರ್ತಿ ಅಂಕ ಕೊಡಲೇಬೇಕು. ಅದರದ್ದು ರ್‍ಯಾಕ್ ಅಂಡ್ ಪಿನಿಯನ್ ಸ್ಟೀರಿಂಗು. ಪದ್ಮಿನಿಯದ್ದು ಹಳೇ ಥರದ ವರ್ಮ್ ಅಂಡ್ ರೋಲರ್, ಸವೆದ ಹಾಗೆಲ್ಲ ನಡುವೆ ಆಟ ಜಾಸ್ತಿಯಾಗುತ್ತೆ. ಆದರೂ ಪದ್ಮಿನಿ ನಾಲ್ಕು ಮೀಟರ್ ಒಳಗಿನ ಗಾಡಿ, ಅಗಲವೂ ಕಡಿಮೆ. ಚಿತ್ತವಾಡ್ಗಿಯ ಒಳಗಿನ ಗಲ್ಲಿಗಳಲ್ಲಿ ಎದುರಿಗೆ ಎತ್ತಿನ ಗಾಡಿ ಬಂದಾಗ ಯಾವುದು ಬೇಕು ಅಂತ ಓಡಿಸಿದವರಿಗೇ ಗೊತ್ತು.

ಪೆಟ್ರೋಲು? ಮಾವ ಎರಡಕ್ಕೂ ಬೇರೆ ಬೇರೆ ನೋಟ್‌ಬುಕ್ ಇಟ್ಟಿದ್ದಾರೆ. ಅಂಬಾಸಿಡರ್ ಲೀಟರಿಗೆ 9–10 ಕಿಲೋಮೀಟರ್, ಪದ್ಮಿನಿ 12–13. ಇಷ್ಟು ನೋಡಿದ ಮೇಲೆ ಓಟದ ತೀರ್ಪು ನೀವೇ ಹೇಳಿ.

ರಿಪೇರಿ ಬೇರೆ, ಆರೈಕೆ ಬೇರೆ

"ಓಟ ಬಿಡಪ್ಪ, ಮೇಂಟೆನೆನ್ಸ್ ಹೇಳು" ಅಂತೀರಿ. ಬನ್ನಿ, ಗಾದೆಯ ಅಸಲಿ ಬುಡ ಇರೋದೇ ಅಲ್ಲಿ.

ನಮ್ಮ ಕೆಲಸದಲ್ಲಿ ಒಂದು ಸರ್ವರ್ ಎಷ್ಟು ನಂಬಿಕಸ್ಥ ಅಂತ ಅಳೆಯೋಕೆ ಎರಡು ಅಳತೆ ಇಟ್ಕೊಂಡಿರ್ತೀವಿ. ಒಂದು, ಒಮ್ಮೆ ಕೆಟ್ಟಾದ ಮೇಲೆ ಮತ್ತೆ ಕೆಡೋವರೆಗೆ ಸರಾಸರಿ ಎಷ್ಟು ಹೊತ್ತು ಓಡುತ್ತೆ ಅನ್ನೋದು, ಇದು ಎಂಟಿಬಿಎಫ್. ಇನ್ನೊಂದು, ಕೆಟ್ಟಿದ್ದನ್ನ ಸರಿ ಮಾಡೋಕೆ ಸರಾಸರಿ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋದು, ಇದು ಎಂಟಿಟಿಆರ್. ಎರಡೂ ಬೇರೆ ಬೇರೆ ಗುಣ. ದಿನಾ ಬಿದ್ದು ಎರಡು ನಿಮಿಷದಲ್ಲಿ ಎದ್ದು ನಿಲ್ಲೋ ಸರ್ವರನ್ನ "ಗಟ್ಟಿ" ಅಂತ ಯಾರೂ ಕರೆಯೋದಿಲ್ಲ.

ಅಂಬಾಸಿಡರ್ ಗೆಲ್ಲೋದು ಎರಡನೇ ಅಳತೆಯಲ್ಲಿ. ಬಾನೆಟ್ ಎತ್ತಿದರೆ ಒಳಗೆ ಒಬ್ಬ ಮನುಷ್ಯ ಕೂರೋಷ್ಟು ಜಾಗ. ಎಲ್ಲಾ ಭಾಗ ಕೈಗೆ ಸಿಗುತ್ತೆ. ಹತ್ತು ಸ್ಪ್ಯಾನರ್, ಒಂದು ಸುತ್ತಿಗೆ, ಒಂದಿಷ್ಟು ತಂತಿ ಇದ್ದರೆ ದಾರಿ ಬದಿಯಲ್ಲೇ ಎದ್ದು ಕೂರಿಸಬಹುದು. ಇದೆಲ್ಲ ನಿಜ. ಆದರೆ ಇದನ್ನ ಹೇಳೋರು ಅದನ್ನ ಅಷ್ಟು ಸಲ ಎದ್ದು ಕೂರಿಸಬೇಕಾಗಿ ಬಂತು ಯಾಕೆ ಅನ್ನೋದನ್ನ ಮಾತ್ರ ಹೇಳೋದಿಲ್ಲ.

ಎರಡು ಎಂಜಿನ್ನಿನ ನಡುವಿನ ದೊಡ್ಡ ವ್ಯತ್ಯಾಸ ಇರೋದು ಸಿಲಿಂಡರ್ ಹೆಡ್ಡಿನಲ್ಲಿ. ಅಂಬಾಸಿಡರ್‌ದು ಎರಕದ ಕಬ್ಬಿಣ. ಪದ್ಮಿನಿಯದ್ದು ಅಲ್ಯೂಮಿನಿಯಂ. ಗಾದೆ ಹುಟ್ಟಿದ್ದೇ ಇಲ್ಲಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ. ರೇಡಿಯೇಟರ್ ನೀರು ಕಡಿಮೆಯಾಗಿ ಎಂಜಿನ್ ಕಾದರೆ ಕಬ್ಬಿಣದ ಹೆಡ್ಡು ತಡೆದುಕೊಳ್ಳುತ್ತೆ. ನಿಲ್ಲಿಸಿ, ಆರಿಸಿ, ನೀರು ಹಾಕಿ ಮುಂದೆ ಹೋಗಬಹುದು. ಅಲ್ಯೂಮಿನಿಯಂ ಹೆಡ್ಡು ಸೊಟ್ಟಗಾಗುತ್ತೆ. ಗ್ಯಾಸ್ಕೆಟ್ ಹೋಗುತ್ತೆ, ನೀರು ಆಯಿಲ್ಲಿಗೆ ಸೇರುತ್ತೆ, ಹೆಡ್ಡು ಬಿಚ್ಚಿ ಲೇತಿಗೆ ಕೊಟ್ಟು ಮಟ್ಟ ಮಾಡಿಸಬೇಕು. ಒಂದು ದಿನದ ಕೆಲಸ ಅಲ್ಲ.

ಸರಿ. ಆದರೆ ಎಂಜಿನ್ ಕಾದಿದ್ದು ಯಾಕೆ?

ನಮ್ಮ ಬಂಧುಗಳೊಬ್ಬರು ಮಾವನ ಪದ್ಮಿನಿಯನ್ನ ಒಂದು ಮದುವೆಗೆ ಅಂತ ಬಳ್ಳಾರಿಗೆ ಒಯ್ದಿದ್ದರು. ಹೋಸ್ ಪೈಪು ಜಿನುಗ್ತಾ ಇದೆ ಅಂತ ಅವರಿಗೆ ಹೊರಡುವಾಗಲೇ ಹೇಳಿತ್ತು. ನಡುವೆ ಎರಡು ಕಡೆ ನಿಲ್ಲಿಸಿ ನೀರು ನೋಡಿ ಅಂತಾನೂ ಹೇಳಿತ್ತು. ನಿಲ್ಲಿಸಲಿಲ್ಲ. ಟೆಂಪರೇಚರ್ ಮುಳ್ಳು ಕೆಂಪಿಗೆ ಹೋದರೂ "ಇನ್ನೇನು ಬಂತು" ಅಂತ ಓಡಿಸಿದರು. ಹೆಡ್ಡು ಸೊಟ್ಟ. ಆಮೇಲೆ ಅವರು ಊರೆಲ್ಲ ಹೇಳಿದ್ದು ಏನು? "ಫಿಯೆಟ್ಟು ಭಾಳ ನಾಜೂಕು ಬಿಡ್ರಿ." ಮಾವ ಅವರಿಗೇನೂ ಅನ್ನಲಿಲ್ಲ. ನನ್ನ ಹತ್ರ ಮಾತ್ರ ಒಂದು ಮಾತು ಹೇಳಿದರು. "ಅಳಿಯಾ, ಅಂಬಾಸಿಡರ್ ತಪ್ಪು ಹೊಟ್ಟಿಗ ಹಾಕ್ಕೊಂತೈತಿ, ಫಿಯೆಟ್ಟು ಹಾಕ್ಕೊಳ್ಳಂಗಿಲ್ಲ. ಅಷ್ಟ ವ್ಯತ್ಯಾಸ."

ನನ್ನ ವಾದ ಪೂರ್ತಿ ಈ ಮಾತಿನಲ್ಲೇ ಇದೆ. ತಪ್ಪನ್ನ ಹೊಟ್ಟೆಗೆ ಹಾಕಿಕೊಳ್ಳೋ ಗುಣವನ್ನ ನಾವು ಗಟ್ಟಿತನ ಅಂತ ತಿಳ್ಕೊಂಡಿದ್ದೀವಿ. ಅದು ಗಟ್ಟಿತನ ಅಲ್ಲ. ಹೊಟ್ಟೆಗೆ ಹಾಕಿಕೊಂಡ ತಪ್ಪು ಒಳಗೇ ಕೂತಿರುತ್ತೆ, ಎಲ್ಲೂ ಹೋಗೋದಿಲ್ಲ.

ಉದಾಹರಣೆ ಬೇಕಾ? ಅಂಬಾಸಿಡರ್‌ನ ಮುಂದಿನ ಸಸ್ಪೆನ್ಷನ್ನಿಗೆ ಕೆಲವು ಸಾವಿರ ಕಿಲೋಮೀಟರಿಗೊಮ್ಮೆ ಗ್ರೀಸ್ ಹೊಡೀಲೇಬೇಕು. ಹೊಡೀದೇ ಇದ್ದರೂ ಗಾಡಿ ಓಡುತ್ತೆ. ತಿಂಗಳು, ಎರಡು ತಿಂಗಳು, ವರ್ಷ ಓಡುತ್ತೆ. "ನೋಡ್ದ್ಯಾ, ಎಷ್ಟು ಗಟ್ಟಿ!" ಅಂತ ಮಾಲೀಕ ಎದೆ ಉಬ್ಬಿಸ್ತಾನೆ. ಒಳಗೆ ಲೋಹಕ್ಕೆ ಲೋಹ ತಿಕ್ಕಿ ಸವೆದು, ಒಂದಿನ ಸ್ಟೀರಿಂಗ್ ನಡುಗೋಕೆ ಶುರುವಾಗುತ್ತೆ, ಟೈರು ಒಂದೇ ಕಡೆ ಸವೆಯುತ್ತೆ. ಆವಾಗ ಗ್ರೀಸಿನ ಖರ್ಚು ಅಲ್ಲ, ಇಡೀ ಮುಂಭಾಗ ಬಿಚ್ಚೋ ಖರ್ಚು. ಎಂಜಿನ್ನಿನ ಹಿಂಬದಿ ಆಯಿಲ್ ಜಿನುಗೋದು ಈ ಬಿಎಂಸಿ ಎಂಜಿನ್ನಿನ ಹುಟ್ಟುಗುಣ. ಜಿನುಗಿದ್ದನ್ನ ತುಂಬಿಸ್ತಾ ಹೋದರೆ ಏನೂ ಆಗಲ್ಲ, ತುಂಬಿಸೋದನ್ನ ಮರೆತರೆ ಬೇರಿಂಗ್ ಕಥೆ ಮುಗಿಯಿತು.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತುಹೋಯ್ತು. ಗಾಳಿಗೆ ಒಳ್ಳೇದೇ ಆಯ್ತು. ಆದರೆ ಹಳೇ ಎಂಜಿನ್ನುಗಳಲ್ಲಿ ಆ ಸೀಸ ವಾಲ್ವ್ ಸೀಟುಗಳಿಗೆ ಮೆತ್ತೆಯ ಥರ ಕೆಲಸ ಮಾಡ್ತಿತ್ತು. ಅಂಬಾಸಿಡರ್‌ನ ಕಬ್ಬಿಣದ ಹೆಡ್ಡಿನಲ್ಲಿ ವಾಲ್ವ್ ಸೀಟನ್ನ ಹೆಡ್ಡಿನಲ್ಲೇ ಕೊರೆದಿರ್ತಾರೆ. ಸೀಸ ಇಲ್ಲದೆ ದೂರ ದೂರ ಜೋರಾಗಿ ಓಡಿಸಿದರೆ ಎಗ್ಸಾಸ್ಟ್ ಸೀಟು ನಿಧಾನಕ್ಕೆ ಒಳಗೆ ಕುಸಿಯುತ್ತೆ. ಅಲ್ಯೂಮಿನಿಯಂ ಮೆತ್ತಗಿರೋದರಿಂದ ಅದಕ್ಕೆ ಮೊದಲಿಂದಲೇ ಬೇರೆ ಲೋಹದ ಸೀಟು ಕೂರಿಸಲೇಬೇಕು. ಅಂದರೆ ಯಾವ ಹೆಡ್ಡನ್ನ ನಾಜೂಕು ಅಂತ ಬೈದರೋ, ಈ ವಿಷಯದಲ್ಲಿ ಅದಕ್ಕೇ ಬಲ ಜಾಸ್ತಿ!

ಹಾಗಾದರೆ ಪದ್ಮಿನಿಗೆ ಬೇಕಾಗಿರೋದು ಏನು? ದೊಡ್ಡದೇನಲ್ಲ. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಬೇಡಿ, ಕೂಲಂಟ್ ಹಾಕಿ. ಬೋರ್ ನೀರಿನ ಉಪ್ಪು ರೇಡಿಯೇಟರ್ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತೆ, ಅಲ್ಯೂಮಿನಿಯಂ ಹೆಡ್ಡನ್ನ ತಿನ್ನುತ್ತೆ. ಹೋಸು, ಬೆಲ್ಟು, ವಾಟರ್ ಪಂಪು ಹಳೇದಾಗೋ ಮೊದಲೇ ಬದಲಿಸಿ. ಟೆಂಪರೇಚರ್ ಮುಳ್ಳು ಕೆಲಸ ಮಾಡ್ತಿರಬೇಕು, ಅದನ್ನ ನೀವು ನೋಡ್ತಿರಬೇಕು. ಇಷ್ಟು ಮಾಡಿದರೆ ಹೆಡ್ಡಿನ ಸುದ್ದಿಯೇ ಇಲ್ಲ. ಮಾವನ ನೋಟ್‌ಬುಕ್ಕಿನಲ್ಲಿ ಪದ್ಮಿನಿಯ ಪುಟಗಳು ಅಂಬಾಸಿಡರ್‌ಗಿಂತ ತೆಳು. ಕಾರಣ ಇಷ್ಟೇ, ಅದನ್ನ ಅವರು ಕೆಡೋಕೆ ಬಿಡೋದಿಲ್ಲ.

ಗಟ್ಟಿ ಅಂತ ಹೆಸರು ಬಂದಿದ್ದು ಹೇಗೆ

ಈ ಹೆಸರಿನ ಹಿಂದೆ ಬರೀ ಕಬ್ಬಿಣ ಇಲ್ಲ, ಸರ್ಕಾರವೂ ಇದೆ. 1950ರ ದಶಕದ ನಂತರ ಹೊರಗಿನ ಕಾರುಗಳಿಗೆ ಬಾಗಿಲು ಮುಚ್ಚಿತು. ಉಳಿದಿದ್ದು ಮುಖ್ಯವಾಗಿ ಮೂರು: ಉತ್ತರಪಾರಾದ ಹಿಂದೂಸ್ತಾನ್, ಮುಂಬಯಿ ಕುರ್ಲಾದ ಪ್ರೀಮಿಯರ್, ಮದ್ರಾಸಿನ ಸ್ಟ್ಯಾಂಡರ್ಡ್. ಹೊಸ ಫಿಯೆಟ್ಟಿಗೆ ವರ್ಷಗಟ್ಟಲೆ ಕಾಯಬೇಕಿತ್ತು. ಸರ್ಕಾರಿ ಇಲಾಖೆಗಳು ಅಂಬಾಸಿಡರ್ ಕೊಂಡವು. ಇಲಾಖೆ ಗಾಡಿ ಎಲ್ಲೆಲ್ಲಿ ಹೋಯ್ತೋ ಅಲ್ಲೆಲ್ಲ ಅದರ ಮೆಕ್ಯಾನಿಕ್ ಹುಟ್ಟಿದ, ಅದರ ಬಿಡಿಭಾಗದ ಅಂಗಡಿ ಹುಟ್ಟಿತು. ಜಿಲ್ಲಾಧಿಕಾರಿ ಗಾಡಿ ನಿಂತರೆ ರಾತ್ರೋರಾತ್ರಿ ಬಿಡಿಭಾಗ ಬರುತ್ತೆ. ಶಾಲಾ ಮೇಷ್ಟ್ರ ಫಿಯೆಟ್ಟಿಗೆ ಬರುತ್ತಾ?

"ಯಾವ ಹಳ್ಳಿಗೆ ಹೋದರೂ ಅಂಬಾಸಿಡರ್ ರಿಪೇರಿ ಆಗುತ್ತೆ" ಅನ್ನೋದು ಕಾರಿನ ಗುಣ ಅಲ್ಲ, ಆ ಹಳ್ಳಿಯ ಮೆಕ್ಯಾನಿಕ್‌ನ ಗುಣ. ಅವನ ಕೀರ್ತಿಯನ್ನ ಉತ್ತರಪಾರಾದ ಫ್ಯಾಕ್ಟರಿಗೆ ಕೊಟ್ಟು ಕೂತಿದ್ದೀವಿ.

ತಮಾಷೆ ನೋಡಿ. ಪ್ರಧಾನಿಯಾಗಿದ್ದಾಗ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ತಮ್ಮ ಸ್ವಂತ ದುಡ್ಡಲ್ಲಿ ಮನೆಗೆ ಅಂತ ಕೊಂಡಿದ್ದು ಫಿಯೆಟ್. 12,000 ರೂಪಾಯಿ ಕಾರಿಗೆ 5,000 ರೂಪಾಯಿ ಬ್ಯಾಂಕ್ ಸಾಲ ಮಾಡಿದ್ದರು. ಮುಂಬಯಿಯಲ್ಲಿ ಪದ್ಮಿನಿ ದಶಕಗಟ್ಟಲೆ ಟ್ಯಾಕ್ಸಿಯಾಗಿ ದುಡಿಯಿತು, ಅಲ್ಲಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಿದ್ದು 2023ರ ಅಕ್ಟೋಬರಿನಲ್ಲಿ. ಮುಂಬಯಿಯ ಮಳೆ, ಉಪ್ಪುಗಾಳಿ, ಟ್ರಾಫಿಕ್ಕು, ಹಗಲೂ ರಾತ್ರಿ ಬಾಡಿಗೆ. ಇದನ್ನೆಲ್ಲ ತಡೆದುಕೊಂಡ ಗಾಡಿಗೆ ನಾವು ಚಿತ್ತವಾಡ್ಗಿಯಲ್ಲಿ ಕೂತು "ನಾಜೂಕು" ಅಂತ ಹೆಸರಿಡ್ತೀವಿ!

"2013ರಲ್ಲಿ ಬಿಬಿಸಿಯ ಟಾಪ್ ಗೇರ್‌ನವರು ಅಂಬಾಸಿಡರ್ರನ್ನ ಜಗತ್ತಿನ ಅತ್ಯುತ್ತಮ ಟ್ಯಾಕ್ಸಿ ಅಂದರಲ್ಲ?" ಅಂತ ಕೇಳೋರಿದ್ದಾರೆ. ಅಂದರು, ಸಂತೋಷ. ಅದು ಟಿವಿ ಕಾರ್ಯಕ್ರಮದ ಸ್ಪರ್ಧೆ. ಅದರ ಮೇಲೆ ಗಾಡಿ ಕೊಳ್ಳೋದಾದರೆ ನಿಮ್ಮಿಷ್ಟ :)

ಎದುರು ಪಕ್ಷದ ಮಾತೂ ಕೇಳೋಣ

ನನ್ನ ವಾದಕ್ಕೆ ಎದುರಾಗಿ ನಿಲ್ಲೋ ಗಟ್ಟಿ ಮಾತು ಒಂದಿದೆ, ಅದು ಬಿಡಿಭಾಗದ್ದು. ಪದ್ಮಿನಿ ತಯಾರಿಕೆ ನಿಂತಿದ್ದು 2000–01ರ ಸುಮಾರಿಗೆ. ಅಂಬಾಸಿಡರ್ 2014ರ ಮೇ ತಿಂಗಳವರೆಗೂ ಬರ್ತಾ ಇತ್ತು. ಹದಿಮೂರು ವರ್ಷದ ಅಂತರ ಕಡಿಮೆಯೇನಲ್ಲ. ಅಂಬಾಸಿಡರ್ ಬಿಡಿಭಾಗ ಇವತ್ತಿಗೂ ಸುಲಭವಾಗಿ ಸಿಗುತ್ತೆ. ಪದ್ಮಿನಿಗೆ ಹುಡುಕಬೇಕು, ಎರಡು ಮೂರು ಊರಿಗೆ ಫೋನ್ ಮಾಡಬೇಕು. ಇದನ್ನ ನಾನು ಅಲ್ಲಗಳೆಯೋದಿಲ್ಲ. ಆದರೆ 2014ರ ಅಂಬಾಸಿಡರ್ ಭಾಗಗಳೆಲ್ಲ 1973ರ ಗಾಡಿಗೆ ಕೂರೋದಿಲ್ಲ ಅನ್ನೋದನ್ನೂ ನೆನಪಿಡಿ. ಮಾರ್ಕ್ 2ರ ಗ್ರಿಲ್ಲು, ಡ್ಯಾಶ್‌ಬೋರ್ಡು ಬೇಕು ಅಂದರೆ ಅದಕ್ಕೂ ಅದೇ ಹುಡುಕಾಟ.

ಎರಡನೇ ಮಾತು ಧೂಳು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸೋ ಮುಂಚಿನ ವರ್ಷಗಳಲ್ಲಿ ಹೊಸಪೇಟೆ–ಸಂಡೂರು ಕಡೆ ಓಡಾಡಿದವರಿಗೆ ಅದಿರಿನ ಕೆಂಪು ಧೂಳು ಏನು ಅಂತ ಹೇಳಬೇಕಾಗಿಲ್ಲ. ಅಂಬಾಸಿಡರ್‌ನ ಆಯಿಲ್ ಬಾತ್ ಏರ್ ಫಿಲ್ಟರು ಅಂಥ ಧೂಳಿಗೆ ಒಳ್ಳೇದು ಅಂತಾರೆ. ಒಳ್ಳೇದೇ. ಆದರೆ ಅದರೊಳಗಿನ ಆಯಿಲ್ ಕೆಸರಾದ ಮೇಲೂ ಬದಲಿಸದೇ ಇದ್ದರೆ? ಮಾವನ ಗ್ಯಾರೇಜಿಗೆ ಬಂದ ಎಷ್ಟೋ ಅಂಬಾಸಿಡರ್‌ಗಳ ಫಿಲ್ಟರ್ ಬಟ್ಟಲಲ್ಲಿ ಆಯಿಲ್ ಇರಲಿಲ್ಲ, ಕೆಂಪು ರೊಟ್ಟಿ ಇತ್ತು. ಗಾಡಿ ಗಟ್ಟಿ ಅಂತ ಗೊತ್ತಲ್ಲ, ಯಾರು ನೋಡ್ತಾರೆ!

ಮೂರನೇದು ಜಾಗ. ಮನೆಮಂದಿಯೆಲ್ಲ, ಅಜ್ಜಿ ಸಮೇತ ಕೂತು ಹೋಗೋದಕ್ಕೆ ಅಂಬಾಸಿಡರ್‌ನಷ್ಟು ಹಿತವಾದ ಹಿಂದಿನ ಸೀಟು ಪದ್ಮಿನಿಯಲ್ಲಿ ಇಲ್ಲ. ಇದನ್ನ ಒಪ್ಪಿಕೊಂಡೇ ಮುಂದೆ ಹೋಗ್ತೀನಿ.

ಇವತ್ತಿನ ಅಸಲಿ ಶತ್ರು

ಇಷ್ಟು ಹೊತ್ತು ಇಬ್ಬರನ್ನ ಜಗಳಕ್ಕೆ ಬಿಟ್ಟೆ. ಈಗ ಇಬ್ಬರಿಗೂ ಬಂದಿರೋ ಕಷ್ಟ ನೋಡಿ. ಅದು ಪೆಟ್ರೋಲ್ ಟ್ಯಾಂಕಿನ ಒಳಗೇ ಇದೆ.

2023ರಿಂದ ಶುರುವಾಗಿ 2025ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್ ಬಂತು. ನಮ್ಮಲ್ಲಿ ಎಥನಾಲಿನ ಒಂದು ದೊಡ್ಡ ಮೂಲ ಕಬ್ಬು. ಚಿತ್ತವಾಡ್ಗಿಯ ಐಎಸ್‌ಆರ್ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿ ವರ್ಷಗಳಾದವು, ಕಬ್ಬಿನ ಗಾಡಿಗಳ ಸಾಲು ಹೋಯ್ತು. ಕಬ್ಬು ಮಾತ್ರ ಈಗ ಕಾರಿನ ಟ್ಯಾಂಕಿಗೇ ಬಂದು ಕೂತಿದೆ!

1970ರ ದಶಕದ ಕಾರಿನ ಪೆಟ್ರೋಲ್ ಪಂಪಿನ ಡಯಾಫ್ರಮ್ಮು, ರಬ್ಬರ್ ಪೈಪು, ಸೀಲುಗಳನ್ನ ಮಾಡುವಾಗ ಎಥನಾಲ್ ಯಾರ ಲೆಕ್ಕದಲ್ಲೂ ಇರಲಿಲ್ಲ. ಹಳೇ ರಬ್ಬರ್ ಉಬ್ಬುತ್ತೆ, ಬಿರಿಯುತ್ತೆ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತೆ, ತಿಂಗಳುಗಟ್ಟಲೆ ನಿಂತ ಗಾಡಿಯ ತಗಡಿನ ಟ್ಯಾಂಕು ಒಳಗಿಂದ ತುಕ್ಕು ಹಿಡಿಯುತ್ತೆ. ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯಾಗುತ್ತೆ, ಕಾರ್ಬ್ಯುರೇಟರ್ ಜೆಟ್ ಬದಲಿಸಬೇಕಾಗುತ್ತೆ. ಬೇಸಿಗೆಯಲ್ಲಿ ಪೆಟ್ರೋಲು ಪೈಪಿನೊಳಗೇ ಆವಿಯಾಗಿ ಗಾಡಿ ನಿಲ್ಲೋ ಕಾಯಿಲೆ ಎರಡಕ್ಕೂ ಮೊದಲೇ ಇತ್ತು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯೋದು ಹಳೇ ಡ್ರೈವರುಗಳಿಗೆಲ್ಲ ಗೊತ್ತಿರೋ ಮದ್ದು. ಎಥನಾಲ್ ಬಂದ ಮೇಲೆ ಆ ಒದ್ದೆ ಬಟ್ಟೆಯ ಕೆಲಸ ಜಾಸ್ತಿಯಾಗಿದೆ.

ಇದಕ್ಕೆ ಗಟ್ಟಿ, ನಾಜೂಕು ಅನ್ನೋ ಭೇದ ಇಲ್ಲ. ಎಥನಾಲ್ ತಡೆಯೋ ಪೈಪು, ಡಯಾಫ್ರಮ್ಮು ಹಾಕಿಸಿ, ಟ್ಯಾಂಕು ತೊಳೆಸಿ, ಹದಿನೈದು ದಿನಕ್ಕೊಮ್ಮೆಯಾದರೂ ಓಡಿಸೋ ಮಾಲೀಕನ ಗಾಡಿ ಉಳಿಯುತ್ತೆ. "ಏನಾಗ್ತತಿ ಬಿಡು" ಅನ್ನೋನ ಗಾಡಿ ನಿಲ್ಲುತ್ತೆ. ಇಷ್ಟು ವರ್ಷ ತಪ್ಪು ಹೊಟ್ಟೆಗೆ ಹಾಕಿಕೊಂಡು ಬಂದ ಅಂಬಾಸಿಡರ್‌ಗೂ ಈ ತಪ್ಪು ಅರಗೋದಿಲ್ಲ.

ಇನ್ನೊಂದು ಕಡೆ ಕಾಗದದ ಖರ್ಚು. 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಲ್ಲಿ 5,000 ಆಯ್ತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ವಿಂಟೇಜ್ ಅಂತ ನೋಂದಾಯಿಸೋದಾದರೆ 20,000. ನಂಬರ್ ಪ್ಲೇಟಿನಲ್ಲಿ "ವಿಎ" ಅಂತ ಅಕ್ಷರ ಸಿಗುತ್ತೆ. ಆದರೆ ಆಮೇಲೆ ಅದನ್ನ ದಿನನಿತ್ಯದ ಓಡಾಟಕ್ಕೆ ಬಳಸೋ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ ಇಂಥದ್ದಕ್ಕೆ ಮಾತ್ರ. ಅಂದರೆ ಕಾನೂನಿನ ಪ್ರಕಾರ ಕಾರಿಗೆ ಮರ್ಯಾದೆ ಸಿಗೋದು ಅದು ಓಡೋದನ್ನ ಬಿಟ್ಟ ಮೇಲೆ!

ನಮ್ಮ ಕಡೆಯ "ಗಟ್ಟಿ" ಅಂಬಾಸಿಡರ್‌ಗಳಲ್ಲಿ ಎಷ್ಟಕ್ಕೆ ಆ ವಿಂಟೇಜ್ ಮರ್ಯಾದೆ ಸಿಗಬಹುದು? ಪೆಟ್ರೋಲ್ ಎಂಜಿನ್ ತೆಗೆದು ಮೆಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿದ್ದು, ಮೂಲ ಗೇರ್‌ಬಾಕ್ಸ್ ಗುಜರಿಗೆ ಹೋಗಿದ್ದು, ಮಾರ್ಕ್ 2ಕ್ಕೆ ಬೇರೆ ಮಾಡೆಲ್ಲಿನ ಮೂತಿ ಕೂರಿಸಿದ್ದು... ಇಂಥವನ್ನ ನಾನೇ ಎಷ್ಟೋ ನೋಡಿದ್ದೀನಿ. "ಏನು ಮಾಡಿದರೂ ತಡೀತದೆ" ಅನ್ನೋ ನಂಬಿಕೆಯ ಫಲ ಇದು. ಏನು ಬೇಕಾದರೂ ಮಾಡಿದರು.

ಇನ್ನು ಪದ್ಮಿನಿಯ ಕಥೆ. ಮಾಲೀಕ ತೀರಿಕೊಂಡ ಮೇಲೆ ಮಗ ಬೆಂಗಳೂರಿನಿಂದ ಬರ್ತಾನೆ. ಕಾರು ಹೊಂಗೆಮರದ ಕೆಳಗೆ ನಿಂತಿರುತ್ತೆ. "ಇದು ನಾಜೂಕು ಗಾಡಿ, ಇಟ್ಕೊಂಡ್ರೆ ತಲೆನೋವು" ಅಂತ ನಾಲ್ಕು ಜನ ಹೇಳ್ತಾರೆ. ತೂಕಕ್ಕೆ ಹಾಕಿ ವಾಪಸ್ ಬಸ್ ಹತ್ತುತ್ತಾನೆ. ಸೊಟ್ಟ ಹೆಡ್ಡು ಮಟ್ಟ ಮಾಡಿಸಿ, ಪೈಪು ಬದಲಿಸಿದ್ದರೆ ಓಡ್ತಿತ್ತು. ಮಾವನ ಗ್ಯಾರೇಜಿನ ಎದುರಿಂದಲೇ ಇಂಥ ಗಾಡಿಗಳು ಟ್ರ್ಯಾಕ್ಟರ್ ಹಿಂದೆ ಕಟ್ಟಿಸಿಕೊಂಡು ಹೋಗಿವೆ.

ಧರ್ಮಸ್ಥಳದ ಮಂಜೂಷಾದಲ್ಲಿ ಹಳೇ ಕಾರುಗಳನ್ನ ಚೆಂದ ಕಾಪಾಡಿದ್ದಾರೆ. ನೋಡಿ ಖುಷಿಪಟ್ಟಿದ್ದೀನಿ, ನೀವೂ ನೋಡಿ. ಆದರೆ ವಸ್ತುಸಂಗ್ರಹಾಲಯದಲ್ಲಿ ಉಳಿಯೋದು ಕಾರು. ಟ್ಯಾಪೆಟ್ ಸದ್ದು ಕೇಳಿ ಎಷ್ಟು ಸಡಿಲ ಅಂತ ಹೇಳೋ ಕಿವಿ, ಕಾರ್ಬ್ಯುರೇಟರ್ ಸ್ಕ್ರೂವನ್ನ ಕಾಲು ಸುತ್ತು ತಿರುಗಿಸಿ ಎಂಜಿನ್ ಹದಕ್ಕೆ ತರೋ ಕೈ, ಇವು ಅಲ್ಲಿ ಉಳಿಯೋದಿಲ್ಲ. ಓಡೋ ಗಾಡಿ ಇದ್ದರೆ ಮಾತ್ರ ಉಳೀತವೆ. ಮಾವನ ಗ್ಯಾರೇಜಿನಲ್ಲಿ ಈ ಕೆಲಸ ಕಲಿಯೋಕೆ ಈಗ ಹುಡುಗರಿಲ್ಲ. ಬಂದವರು ಲ್ಯಾಪ್‌ಟಾಪ್ ಚುಚ್ಚಿ ಎರರ್ ಕೋಡ್ ಓದೋ ಕೆಲಸಕ್ಕೆ ಹೋದರು. ಅವರದ್ದೇನೂ ತಪ್ಪಲ್ಲ, ನಾನೂ ಅಂಥದ್ದೇ ಕೆಲಸಕ್ಕೆ ಹೋದೋನು.

ಹಾಗಾದರೆ ನನ್ನ ತೀರ್ಪು ಏನು? ಗಾಡಿ ಕೊಂಡು ಬಾನೆಟ್ ಎತ್ತದೇ ಇರೋರಿಗೆ ಅಂಬಾಸಿಡರ್ರೇ ಸರಿ. ಅದು ನಿಮ್ಮನ್ನ ಸಹಿಸಿಕೊಳ್ಳುತ್ತೆ, ಸಹಿಸಿಕೊಳ್ಳೋವಷ್ಟು ದಿನ. ವಾರಕ್ಕೊಂದು ಸಲ ನೀರು, ಆಯಿಲ್, ಬೆಲ್ಟು ನೋಡೋಕೆ ಹತ್ತು ನಿಮಿಷ ಇದೆ ಅನ್ನೋರಿಗೆ ಪದ್ಮಿನಿ. ಕಡಿಮೆ ಪೆಟ್ರೋಲು, ಹಗುರ ಗಾಡಿ, ಓಡಿಸೋಕೆ ಖುಷಿ, ವರ್ಷದ ಕೊನೆಗೆ ಖರ್ಚೂ ಕಡಿಮೆ. ನಮ್ಮ ಚಿತ್ತವಾಡ್ಗಿಯ ಗಲ್ಲಿಗೂ ಸಂಡೂರಿನ ಘಾಟಿಗೂ ಇದೇ ತಕ್ಕ ಗಾಡಿ ಅಂತ ನಾನು ಹೇಳ್ತೀನಿ.

ಮನೆಯಲ್ಲಿ ಎರಡರಲ್ಲಿ ಯಾವುದಾದರೂ ನಿಂತಿದ್ದರೆ ತೂಕಕ್ಕೆ ಹಾಕೋ ಮೊದಲು ಒಂದು ಸಲ ಹಳೇ ಮೆಕ್ಯಾನಿಕ್ ಒಬ್ಬರನ್ನ ಕರೆದು ತೋರಿಸಿ. ಅವರು ಇನ್ನೂ ಇರೋವಾಗಲೇ ತೋರಿಸಿ.

ಅಂಬಾಸಿಡರ್ ಅಭಿಮಾನಿಗಳು ಬೈಯೋದಿದ್ದರೆ ಕೆಳಗೆ ಕಾಮೆಂಟಿನಲ್ಲಿ ಧಾರಾಳವಾಗಿ ಬೈಯಿರಿ. ಒಂದೇ ಷರತ್ತು: ನಿಮ್ಮ ಗಾಡಿಗೆ ಕೊನೇ ಸಲ ಗ್ರೀಸ್ ಹೊಡೆದಿದ್ದು ಯಾವಾಗ ಅಂತ ಬರೆದು ಆಮೇಲೆ ಬೈಯಿರಿ :)